ಅಕ್ಕ ಹೇಳಿದ ಉತ್ತರ

ನಮ್ಮ ಓಣಿಯ ಅಕ್ಕ ನನ್ನ ಮೊಣಕೈಯನ್ನು ಎರಡೇ ಬೆರಳಿನಲ್ಲಿ ಹಿಡಿಯುತ್ತಾಳೆ, ಸಂತೆಯಲ್ಲಿ ಬದನೆಕಾಯಿಗೆ ಹುಳ ಬಿದ್ದಿದೆಯೋ ಅಂತ ಒತ್ತಿ ನೋಡಿದ ಹಾಗೆ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆದರೂ ಶಿಗ್ಗಾಂವ ಬಸ್‌ಸ್ಟ್ಯಾಂಡಿನಲ್ಲಿ ನಾನು ಯಾವ ಹುಡುಗಿಯ ಕಡೆ ತಿರುಗಿದೆ ಅನ್ನುವುದು ಆ ಬೆರಳಿಗೆ ತಿಳಿದುಬಿಡುತ್ತದೆ.

"ಲೇ ತಮ್ಮಾ, ಮುಂದ ನೋಡು. ಮಿರ್ಚಿ ಭಜಿ ತಿನಿಸಿ ಬಾಡಿಗಿ ಹಿಡದೇನಿ ಆ ಕಣ್ಣು."

ಅವಳ ದನಿಯೋ, ಶಿಗ್ಗಾಂವದಲ್ಲಿ "ಸಾಹೇಬ್ರ" ಅಂದರೆ ಸವಣೂರಿನ ಎಮ್ಮೆಗಳು ಕಿವಿ ನಿಮಿರಿಸಬೇಕು. ಆ ದನಿಯೇ ಅವಳ ಬಂಡವಾಳ. ನಡೆಯಲಾಗದವರು, ಕಾಣದವರು, ಕಿವಿ ಕೇಳದ ಮಕ್ಕಳ ತಾಯಂದಿರು, ಎಲ್ಲರನ್ನೂ ಕರೆದುಕೊಂಡು ಅವಳು ಆಸ್ಪತ್ರೆ, ಶಾಲೆ, ಕಚೇರಿ ಅಂತ ಅಲೆಯುತ್ತಾಳೆ. ಅಂಗವಿಕಲರ ಕಾರ್ಡು, ಬಸ್ ಪಾಸು, ಕಾಲೇಜಿನಲ್ಲಿ ಸೀಟು, ಏನು ಬೇಕೋ ಅದು. ಶಾಲೆಗೆ ರಜೆಯಿದ್ದಾಗ ದಾರಿ ತೋರಿಸುವವನು ನಾನು.

ಒಮ್ಮೆ ಹತ್ತಿಮತ್ತೂರಿನ ಹುಡುಗಿಯೊಬ್ಬಳನ್ನು ಬಸ್ ಪಾಸಿಗೆಂದು ಕಚೇರಿಗೆ ಕರೆದೊಯ್ದಿದ್ದೆವು. ಕಾಲಿಗೆ ಬಲವಿಲ್ಲ, ಗಾಲಿಕುರ್ಚಿ. ಸಾಹೇಬರು ಅವಳನ್ನು ಬಿಟ್ಟು ಅಕ್ಕನನ್ನು ಕೇಳಿದರು, "ಈಕಿ ಏನ್ ಓದತಾಳ?"

"ಎದುರಿಗೇ ಕುಂತಾಳಲ್ರಿ, ಆಕಿನ್ನ ಕೇಳ್ರಿ. ಕಾಲಿಗೆ ಶಕ್ತಿ ಇಲ್ಲ, ನಾಲಿಗಿಗೆ ಐತಿ."

ಆ ಹುಡುಗಿ ಬಾಯಿ ತೆರೆದಳು ನೋಡಿ, ಸಾಹೇಬರ ಚಹಾ ಕೆನೆಗಟ್ಟಿತು. ಅಕ್ಕ ಮೂಲೆಯಲ್ಲಿ ಕೂತು ನಗುತ್ತಿದ್ದಳು.

ಇಷ್ಟೆಲ್ಲ ಮಾಡುವವಳಿಗೆ ಪಗಾರವಿರಲಿಲ್ಲ. ಪಂಚಾಯಿತಿಯಲ್ಲಿ ಇದೇ ಕೆಲಸಕ್ಕೆ ಒಂದು ಜಾಗ ಖಾಲಿಯಾಯಿತು. ಹತ್ತನೇ ಪಾಸಾಗಿರಬೇಕು. ಅಕ್ಕ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದಳು. ಅವಳು ಹೇಳಿದ್ದನ್ನು ಬರೆಯಲು ಕೆಳಗಿನ ತರಗತಿಯ ಹುಡುಗ ಬೇಕು. ಒಂಬತ್ತನೆಯ ಮಹಾಪಂಡಿತ ನಾನು ಎದೆ ಉಬ್ಬಿಸಿ ಹೊರಟೆ.

ಸಮಾಜ ವಿಜ್ಞಾನದ ದಿನ. ಗ್ರಾಮಸಭೆ ಎಂದರೇನು?

ಅಕ್ಕ ಹೇಳಿದಳು: "ಊರಾನ ಮಂದಿ ಎಲ್ಲಾ ಕುಂತು ಮಾತಾಡೂ ಜಾಗ. ಮೆಟ್ಟಲಾ ಎತ್ತರ ಇದ್ರ ಕುಂಟರು ಹೊರಗ ಉಳೀತಾರ. ಆಗ ಅದು ಅರ್ಧಾ ಸಭಾ."

ನನಗೆ ಒಳಗೊಳಗೇ ನಗು. ಇದಕ್ಕೆ ಯಾರು ಮಾರ್ಕ್ಸ್ ಕೊಡ್ತಾರೆ? "ಗ್ರಾಮಸಭೆಯು ಪ್ರಜಾಪ್ರಭುತ್ವದ ತಾಯಿಬೇರಾಗಿದೆ" ಅಂತ ಶುರುಮಾಡಿ ಪುಟ ತುಂಬಿಸಿದೆ.

"ಓದು ನೋಡೂನು," ಅಂದಳು.

ಹಾಳೆ ನೋಡುತ್ತಲೇ ಅವಳ ಮಾತನ್ನೇ ಬಾಯಿಪಾಠ ಒಪ್ಪಿಸಿದೆ. ಅಕ್ಕ ತಲೆಯಾಡಿಸಿದಳು. ಆಮೇಲಿನ ಉತ್ತರಗಳೂ ಹೀಗೇ ಆದವು.

ಪರೀಕ್ಷೆ ಬಿಟ್ಟ ಮೇಲೆ ಅವಳನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಿಸಿ ಪಕ್ಕದ ಚಹಾ ಅಂಗಡಿಗೆ ಹೋದೆ. ಗೆಳೆಯರಿದ್ದರು. ಮೊದಲು ಅಕ್ಕನ ಉತ್ತರ, ಅವಳದೇ ದನಿಯಲ್ಲಿ. ಆಮೇಲೆ ನನ್ನದು, ಮಂತ್ರಿಗಳ ಭಾಷಣದ ಹಾಗೆ. ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ನಗುವಿನ ಜಾಡು ಹಿಡಿದು ಬಂದ ಎರಡು ಬೆರಳು ಮೊಣಕೈಗೆ ತಾಗಿದವು.

"ಅದು ಯಾರ ಉತ್ತರನೋ?"

"ನಿಂದ ಅಕ್ಕಾ. ಸ್ವಲ್ಪ ಚಂದ ಮಾಡೇನಿ. ನೀ ಪಾಸಾಗಲಿ ಅಂತ..."

"ಆಫೀಸಿನ್ಯಾಗ ಎಲ್ಲಾರೂ ನನ್ನ ಬಾಯಾಗ ತಮ್ಮ ಮಾತು ತುರುಕ್ಯಾರ. ಅವರಿಗೆ ನನ್ನ ಗುರ್ತಿರಲಿಲ್ಲ. ನಿನಗ ಇತ್ತಲ್ಲೋ ತಮ್ಮಾ."

ಅವಳ ದನಿ ಅಷ್ಟು ಸಣ್ಣದಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಸೀದಾ ಪರೀಕ್ಷೆ ನಡೆದ ಶಾಲೆಗೆ ವಾಪಸು ನಡೆಸಿದಳು. ದಾರಿ ತೋರಿಸಿದವನು ನಾನೇ.

"ಈ ಪತ್ರಿಕಿ ನಾ ಹೇಳಿದ್ದಲ್ರಿ. ರದ್ದು ಮಾಡ್ರಿ. ಹುಡುಗಗ ಬೈಬ್ಯಾಡ್ರಿ, ಬೈಯೂದು ನನ್ನ ಕೆಲಸ."

"ಹೋಗ್ಲಿ ಬಿಡವ್ವಾ, ಯಾರಿಗೆ ಗೊತ್ತಾಗತೈತಿ?" ಅಂದರು ಅಲ್ಲಿಯ ಸರ್.

"ನನಗ ಗೊತ್ತಾತಲ್ರಿ."

ಆ ಪತ್ರಿಕೆ ರದ್ದಾಯಿತು. ಇನ್ನೊಮ್ಮೆ ಬರೆಯುವವರೆಗೆ ಪಂಚಾಯಿತಿ ಕಾಯಲಿಲ್ಲ. ಆ ಜಾಗಕ್ಕೆ ಬೇರೊಬ್ಬರು ಬಂದರು.

ಬೈಯುವುದು ತನ್ನ ಕೆಲಸ ಅಂದವಳು ಬೈಯಲೇ ಇಲ್ಲ. ನಮ್ಮ ಅವ್ವನಿಗೆ ಹೇಳಿ ಎರಡು ಹೊಡೆಸಿದ್ದರೂ ಹಗುರಾಗುತ್ತಿತ್ತು. ಪತ್ರಿಕೆ ರದ್ದು ಮಾಡಿಸಿದ ದಿನವೂ ಎಂದಿನಂತೆ ಮಿರ್ಚಿ ಕೊಡಿಸಿದಳು. ಖಾರವೆಂದು ಹೇಳಿ ಕಣ್ಣೊರೆಸಿಕೊಂಡೆ. ಆ ಅಂಗಡಿಯ ಮಿರ್ಚಿಗೆ ಖಾರವೇ ಇರುವುದಿಲ್ಲ.

ನಾನು ಹತ್ತನೆಗೆ ಹೋಗುವ ಮೊದಲೇ ಬಂದ ಎರಡನೇ ಸಲದ ಪರೀಕ್ಷೆಗೆ ಮತ್ತೆ ನನ್ನನ್ನೇ ಕರೆದಳು.

"ಬ್ಯಾರೆಯವರು ಸಿಗ್ತಾರಕ್ಕಾ, ನಾ ಬ್ಯಾಡ."

"ಸಿಗ್ತಾರ. ಅವರಿಗಿನ್ನೂ ಈ ಪಾಠ ಆಗಿಲ್ಲ."

ನರ್ಮದಾ ನದಿ ಯಾವ ದಿಕ್ಕಿಗೆ ಹರಿಯುತ್ತದೆ ಅಂತ ಪ್ರಶ್ನೆ. "ನಮ್ಮ ವರದಾ ಹೊಳಿ ಹರಿದಂಗ, ಪೂರ್ವಕ್ಕ," ಅಂದಳು. ಪಶ್ಚಿಮ ಅಂತ ನನ್ನ ಪೆನ್ನಿನ ತುದಿಯವರೆಗೂ ಬಂದಿತ್ತು. ಪೂರ್ವ ಅಂತಲೇ ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ಬರೆದ ಪದ ಇನ್ನೊಂದಿಲ್ಲ. ಇದು ಉತ್ಪ್ರೇಕ್ಷೆಯಲ್ಲ.

ಅಕ್ಕ ಪಾಸಾದಳು. ಮಾರ್ಕ್ಸ್ ಕಾರ್ಡು ಟ್ರಂಕಿನಲ್ಲಿದೆ. ಪಂಚಾಯಿತಿಯ ಆ ಜಾಗಕ್ಕೆ ಬಂದವರು ಒಳ್ಳೆಯವರೇ. ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕೆಂದು ಕೇಳಲು ಅಕ್ಕನ ಮನೆಗೇ ಬರುತ್ತಾರೆ. ಅಕ್ಕ ಎಲ್ಲ ಹೇಳಿಕೊಡುತ್ತಾಳೆ. ಅವರ ಬೈಕು ಓಣಿಗೆ ಬಂತೆಂದರೆ ನಾನು ಹಿತ್ತಿಲಿಗೆ ಹೋಗಿಬಿಡುತ್ತೇನೆ.

ಮೊನ್ನೆ ಹಾನಗಲ್ಲಿಗೆ ಯಾರದೋ ಕೆಲಸಕ್ಕೆ ಹೋಗಿದ್ದೆವು. ಅಲ್ಲಿಯ ಸಾಹೇಬರು ನನ್ನ ಮುಖ ನೋಡಿ, "ಇವರು ಎಲ್ಲಿ ನೌಕರಿ ಮಾಡ್ತಾರಪಾ?" ಅಂದರು.

ಬಾಯಿಗೆ ಬಂದ ಚಟಾಕಿಯನ್ನು ನುಂಗಿದೆ. "ಅವರನ್ನ ಕೇಳ್ರಿ," ಅಂದೆ.

"ನೌಕರಿ ಇಲ್ರಿ," ಅಂದಳು ಅಕ್ಕ. "ಕೆಲಸ ಮಾಡ್ತೇನಿ."

ಅವಳ ಎರಡು ಬೆರಳು ನನ್ನ ಮೊಣಕೈ ಮೇಲಿದ್ದವು. ಒತ್ತಲಿಲ್ಲ. ಬೈದ ಹಾಗೆ ಒಮ್ಮೆ ಒತ್ತಿದ್ದರೆ ಚೆನ್ನಾಗಿತ್ತು.