ನಮ್ಮ ಎಂ.ಎ. ಮತ್ತು ಲೀಲಾವತಿಯವರ ಮೆಸ್

ಮೊನ್ನೆ ಠಾಣೆಯ ನೌಪಾಡಾದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಯಂತ್ರದಿಂದ ಆಗ ತಾನೇ ಹೊರಬಿದ್ದ ಬಿಸಿ ಹಾಳೆಗಳಿಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಇಸ್ತ್ರಿ ಪೆಟ್ಟಿಗೆಗೂ ಸುಟ್ಟ ಪ್ಲಾಸ್ಟಿಕ್ಕಿಗೂ ನಡುವಿನದು. ಕೆಲವರಿಗೆ ಅದರಿಂದ ತಲೆನೋವು ಬರುತ್ತದಂತೆ. ನನಗೆ ಮಾತ್ರ ನನ್ನ ನಲವತ್ತರ ಹತ್ತಿರದ ವಯಸ್ಸು ಮರಳಿ ಬರುತ್ತದೆ. ಆ ವಯಸ್ಸಿನಲ್ಲಿ ನಾನು ನವಿ ಮುಂಬಯಿಯ ಕಾಲೇಜೊಂದಕ್ಕೆ ಎಂ.ಎ. ಓದಲು ಸೇರಿದ್ದೆ. ಆ ಎಂ.ಎ.ಗೆ ಪಠ್ಯಪುಸ್ತಕವೇ ಇರಲಿಲ್ಲ. ಕಾನೂನಿನ ಪುಸ್ತಕದಿಂದ ಒಂದು ಅಧ್ಯಾಯ, ಅರ್ಥಶಾಸ್ತ್ರದಿಂದ ಇನ್ನೊಂದು, ಇತಿಹಾಸದಿಂದ ಎರಡು, ಹೀಗೆ ಎಲ್ಲೆಲ್ಲಿಂದಲೋ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದರೆ ಅದೇ ನಮ್ಮ ಪುಸ್ತಕ.

ವಿಷಯ ಜೆಂಡರ್ ಸ್ಟಡೀಸ್. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂದು ಲೋಕ ಹೇಗೆ ತೀರ್ಮಾನಿಸುತ್ತದೆ, ಆ ತೀರ್ಮಾನದಿಂದ ಯಾರಿಗೆ ಏನು ಸಿಗುತ್ತದೆ, ಯಾರ ಕೈತಪ್ಪುತ್ತದೆ ಎಂಬುದರ ಓದು. ಹೀಗೆ ಬಿಡಿಸಿ ಹೇಳಲು ಆಗ ನನಗೆ ಬರುತ್ತಿರಲಿಲ್ಲ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕೇಳಿದವರಿಗೆಲ್ಲ 'ಲಿಂಗ ಅಧ್ಯಯನ' ಎಂದುಬಿಟ್ಟೆ. ಕೆಳಮಹಡಿಯ ಶಾಂತವ್ವ ವಿಜಯಪುರದ ಕಡೆಯವರು. ಕೇಳಿದ್ದೇ ಕೈ ಮುಗಿದರು.

"ಭಾಳ ಛಲೋ ಆತು ನೋಡ್ರಿ ಬಾಯಾರ. ನಮ್ಮ ಕಡೆ ಗಂಡಸರೂ ಲಿಂಗದ ಬಗ್ಗೆ ಇಷ್ಟು ಓದಂಗಿಲ್ಲ. ಮೊದಲ ಅಂಬರನಾಥಕ್ಕ ಹೋಗಿ ಈಶ್ವರನ ಗುಡಿಯಾಗ ಒಂದು ಕಾಯಿ ಒಡಿಸ್ಕೊಂಡು ಬರ್ರಿ."

ತಿದ್ದುವ ಧೈರ್ಯ ಬರಲಿಲ್ಲ. ಹೋಗಿ ಬಂದೆ ಕೂಡ.

ಅತ್ತೆಯ ಅನುಮಾನ ಬೇರೆ ಬಗೆಯದು. ಕರಾವಳಿಯ ಶಾಲೆಯಲ್ಲಿ ಕಲಿತ ವ್ಯಾಕರಣ ಅವರಿಗೆ ಇನ್ನೂ ನೆನಪಿತ್ತು. ತೆಂಗಿನಕಾಯಿ ತುರಿಯುತ್ತಾ ಕೇಳಿದರು: "ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ಇದನ್ನು ನಾನು ಐದನೇ ಕ್ಲಾಸಿನಲ್ಲೇ ಮುಗಿಸಿದ್ದೆ ಮಾರಾಯ್ತಿ. ನಿನಗೆ ಎರಡು ವರ್ಷ ಬೇಕಾ?"

ಬೇಕಿತ್ತು. ನಾನು ಪಾಠ ಹೇಳುತ್ತಿದ್ದ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಇನ್ನು ಮನೆಯಲ್ಲೇ ಇರುತ್ತಾಳೆ ಎಂದು ಎಲ್ಲರೂ ನನ್ನ ಪರವಾಗಿ ನಿರ್ಧರಿಸಿ ಆಗಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ಆ ಸಿಟ್ಟಿನಲ್ಲೇ ನಾನು ಕಾಲೇಜಿಗೆ ಸೇರಿದ್ದು.

ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೊದಲನೆಯದರಲ್ಲಿ ಎಲ್ಲರಿಗೂ ಒಂದೇ ಪಾಠ: ಹೆಂಗಸರ ಹೋರಾಟಗಳ ಚರಿತ್ರೆ, ಸಿದ್ಧಾಂತಗಳು, ಸಂಶೋಧನೆ ಮಾಡುವ ಕ್ರಮ. ಎರಡನೆಯದರಲ್ಲಿ ಬೇರೆ ವಿಭಾಗಗಳಿಗೆ ಹೋಗಿ ಬೇಕಾದ ವಿಷಯ ಆರಿಸಿಕೊಳ್ಳಬೇಕು. ಮೂರನೆಯದರಲ್ಲಿ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ. ಕೊನೆಯದರಲ್ಲಿ ಪ್ರಬಂಧ, ಆಮೇಲೆ ಪರೀಕ್ಷಕರ ಮುಂದೆ ಕೂತು ಮೌಖಿಕ ಪರೀಕ್ಷೆ. ಇದಕ್ಕೆಲ್ಲ ಸೇರಿ 'ಇಂಟರ್‌ಡಿಸಿಪ್ಲಿನರಿ' ಎಂಬ ದೊಡ್ಡ ಹೆಸರು. ನಮಗೆ ಅದರ ಅರ್ಥ ಕಾಲುನೋವು. ಕಾನೂನಿನ ಪಾಠ ಒಂದು ಕಟ್ಟಡದಲ್ಲಿ, ಅರ್ಥಶಾಸ್ತ್ರ ಮೈದಾನದಾಚೆ. ಎಲ್ಲಿ ಹೋದರೂ ಹಿಂದಿನ ಬೆಂಚು. ಕಾನೂನಿನ ಹುಡುಗರು "ಆಂಟಿ, ಆಪ್ ಕೌನ್‌ಸೇ ಡಿಪಾರ್ಟ್‌ಮೆಂಟ್ ಸೇ?" ಎಂದು ಕೇಳಿದರೆ, ಇದು ನಮ್ಮ ವಿಭಾಗ ಎಂದು ತೋರಿಸಲು ನಮಗಿದ್ದದ್ದು ಒಂದು ಕಪಾಟು ಮತ್ತು ಅದರ ಪಕ್ಕ ಕೂರುತ್ತಿದ್ದ ನಮ್ಮ ಮುಖ್ಯಸ್ಥೆ ಮೇಡಂ.

ಈ ಅಲೆದಾಟ ಯಾಕೆಂದು ಗೊತ್ತಾದದ್ದು ಮೂರನೆಯ ಸೆಮಿಸ್ಟರಿನಲ್ಲಿ, ಕಲ್ಯಾಣದ ಕುಟುಂಬ ಸಲಹಾ ಕೇಂದ್ರದಲ್ಲಿ. ಗಂಡ ತೀರಿಕೊಂಡ ಮೇಲೆ ಮೈದುನ ಮನೆಯಿಂದ ಹೊರಹಾಕಿದ್ದ ಒಬ್ಬಾಕೆ ಅಲ್ಲಿಗೆ ಬಂದಳು. ಮನೆಯಲ್ಲಿ ಅವಳಿಗೆ ಹಕ್ಕಿದೆಯೇ ಎಂಬುದಕ್ಕೆ ಕಾನೂನು ಬೇಕು. ಕೈಯಲ್ಲಿ ಯಾಕೆ ಏನೂ ಉಳಿದಿಲ್ಲ ಎಂಬುದಕ್ಕೆ ಅರ್ಥಶಾಸ್ತ್ರ. ಇಷ್ಟಾದರೂ ಅವಳು ಮೈದುನನನ್ನು ಬಿಟ್ಟು ತನ್ನ ಹಣೆಬರಹವನ್ನೇ ಬೈದುಕೊಳ್ಳುವುದು ಯಾಕೆ? ಅದಕ್ಕೆ ಚರಿತ್ರೆ ಬೇಕು. ಅವಳ ಒಂದು ಕಷ್ಟವನ್ನು ಅರಿಯಲು ನಾನು ಮೂರು ಕಟ್ಟಡ ಸುತ್ತಿ ಬಂದಿರಬೇಕಾಗಿತ್ತು. ಅಂದಿನಿಂದ ಕಾಲುನೋವಿನ ಬಗ್ಗೆ ದೂರಲಿಲ್ಲ.

ಆದರೆ ಮುಂದೆ ನಮ್ಮ ಮನೆಯಲ್ಲಿ ನಡೆದ ಜಗಳ ಹುಟ್ಟಿದ್ದು ಅದಕ್ಕೂ ಮೊದಲೇ, ಅರ್ಥಶಾಸ್ತ್ರದ ತರಗತಿಯಲ್ಲಿ. ಸರ್ ದುಡಿಯುವವರು, ದುಡಿಯದವರು ಎಂದು ಬೋರ್ಡಿನಲ್ಲಿ ಗೆರೆ ಎಳೆದು, ಮಕ್ಕಳು, ಮುದುಕರು, ಗೃಹಿಣಿಯರನ್ನು ದುಡಿಯದವರ ಕಡೆ ಬರೆದರು. ನನಗೆ ಅತ್ತೆ ನೆನಪಾದರು. ನಾನು ಮದುವೆಯಾಗಿ ಬರುವ ಎಷ್ಟೋ ಮೊದಲಿನಿಂದ ಅತ್ತೆ ಡೊಂಬಿವಲಿಯ ಆ ಎರಡು ಕೋಣೆಯ ಮನೆಯಲ್ಲಿ ಊರ ಕಡೆಯ ಬ್ಯಾಚುಲರ್‌ಗಳಿಗೆ ದುಡ್ಡಿಗೆ ಊಟ ಹಾಕುತ್ತಿದ್ದರು. ಅಡುಗೆ ಅವರದು, ಸಂತೆ ಅವರದು, ಪಾತ್ರೆ ತಿಕ್ಕುವುದೂ ಅವರೇ. ಮಾವ ಅಂಬರನಾಥದ ಕಾರ್ಖಾನೆಯಿಂದ ಬಂದು, ಹೆಗಲಿಗೊಂದು ಟವೆಲ್ ಹಾಕಿಕೊಂಡು ಬಾಗಿಲಲ್ಲಿ ಕೂತು, "ಸಾರು ಬೇಕಾ?" ಎಂದು ಕೇಳುತ್ತಿದ್ದರು. ಅದರ ಹೆಸರು ರಾಯರ ಮೆಸ್.

"ಸರ್, ನಮ್ಮತ್ತೆ ಯಾವ ಕಡೆ ಬರ್ತಾರೆ?" ಎಂದೆ.

"ಒಳ್ಳೆಯ ಪ್ರಶ್ನೆ. ಆದರೆ ಪರೀಕ್ಷೆಗೆ ಬೋರ್ಡಿನಲ್ಲಿರುವುದನ್ನೇ ಬರೆಯಿರಿ," ಎಂದರು ಸರ್.

ನಾನು ಅದನ್ನು ಬರೆಯಲಿಲ್ಲ. ಆ ಪೇಪರಿನಲ್ಲಿ ಬಂದ ಅಂಕ ನೋಡಿದರೆ ನಿಮಗೆ ಅಯ್ಯೋ ಅನ್ನಿಸೀತು. ನನಗೆ ಅನ್ನಿಸಲಿಲ್ಲ. ಮನೆಯಲ್ಲಿ ಊಟ ಹಾಕಿದ ಹೆಂಗಸರ ಮೇಲೆಯೇ ಪ್ರಬಂಧ ಬರೆಯುತ್ತೇನೆ ಎಂದು ಮೇಡಂಗೆ ಹೇಳಿದೆ. ಮೊದಲು ಮಾತಾಡಿಸಿದ್ದು ಅತ್ತೆಯನ್ನು.

ಸಂಶೋಧನೆಯಲ್ಲಿ ಒಂದು ನಿಯಮವಿದೆ. ಮಾತಾಡಿದವರ ನಿಜವಾದ ಹೆಸರು ಬರೆಯಬಾರದು. ಅವರಿಗೆ ತೊಂದರೆಯಾಗಬಾರದು ಎಂಬ ಕಾಳಜಿ. ಕರಡನ್ನು ಅತ್ತೆಗೆ ಓದಿ ಹೇಳಿದೆ. ಅರ್ಧದಲ್ಲಿ ತಡೆದರು.

"ಯಾರದು ಸರೋಜ?"

"ನೀವೇ ಅತ್ತೆ. ಹೆಸರು ಬದಲಾಯಿಸಬೇಕು ಅಂತ ನಿಯಮ."

"ಇಷ್ಟು ವರ್ಷ ನಾನು ಬೇಯಿಸಿದ್ದಕ್ಕೆ ನಿನ್ನ ಮಾವನ ಹೆಸರು. ಈಗ ನೀನು ಬರೆಯುದಕ್ಕೆ ಸರೋಜನ ಹೆಸರು. ನನ್ನ ಹೆಸರಿಗೆ ಎಂತ ಆಗಿದೆ? ನಾನೇನು ಕಳ್ಳತನ ಮಾಡಿದ್ದೇನಾ?"

ಸರೋಜಳನ್ನು ಹೊಡೆದುಹಾಕಿ ಲೀಲಾವತಿ ಎಂದು ಬರೆದೆ. ಶೀರ್ಷಿಕೆಯಲ್ಲೇ 'ಲೀಲಾವತಿಯವರ ಮೆಸ್' ಎಂದು ಬಂತು.

ಸುದ್ದಿ ಠಾಣೆಯ ಘೋಡಬಂದರ್ ರಸ್ತೆಗೆ ತಲುಪಿತು. ಅಲ್ಲಿನ ಹೊಸ ಕಾಂಪ್ಲೆಕ್ಸೊಂದರಲ್ಲಿ ನನ್ನ ಗಂಡನ ಅಣ್ಣ ಇದ್ದರು, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಕೆಲಸ. ಭಾನುವಾರ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಇದೆಲ್ಲ ಬಂದ್ ಮಾಡು ಈಗ. ನನ್ನ ಸರ್ಕಲ್‌ನಲ್ಲಿ ಎಲ್ಲರಿಗೂ ಗೊತ್ತಿರೋದು ಪಪ್ಪ ಕಂಪನಿಯಲ್ಲಿ ಸೂಪರ್‌ವೈಸರ್ ಇದ್ರು ಅಂತ. ನೀನು ಅಮ್ಮ ಊಟ ಮಾರ್ತಿದ್ಲು ಅಂತ ಛಾಪಿಸ್ತೀಯಾ?"

"ಮಾರ್ತಿದ್ದದ್ದು ಹೌದಲ್ಲ ಭಾವ," ಎಂದೆ. ಗಂಡ ಗೋಡೆ ನೋಡುತ್ತಿದ್ದರು.

ಭಾವ ತಾಯಿಯ ಕಡೆ ತಿರುಗಿದರು. "ಅಮ್ಮ, ಬ್ಯಾಗ್ ತಗೋ. ಇವಳ ಪರೀಕ್ಷೆ ಮುಗಿಯೋವರೆಗೆ ನಮ್ಮಲ್ಲಿರು. ಲಿಫ್ಟ್ ಉಂಟು, ಗಾರ್ಡನ್ ಉಂಟು."

"ಬರ್ತೇನೆ," ಎಂದರು ಅತ್ತೆ. "ಆದ್ರೆ ನಿನ್ನ ಗಾರ್ಡನ್ನಿನಲ್ಲಿ ಯಾರಾದ್ರೂ ಕೇಳಿದ್ರೆ ಮೆಸ್ ನಡೆಸ್ತಿದ್ದೆ ಅಂತಲೇ ಹೇಳುದು. ಆಗಬಹುದಾ?"

ಭಾವ ಚಹಾ ಕುಡಿಯದೆ ಹೋದರು. ಆ ವರ್ಷ ಚೌತಿಗೂ ಬರಲಿಲ್ಲ. ಅತ್ತೆ ಮಗನ ಪಾಲಿನ ಕಡುಬನ್ನು ಸಂಜೆಯವರೆಗೆ ಮುಚ್ಚಿಟ್ಟು, ಆಮೇಲೆ ಶಾಂತವ್ವನ ಮನೆಗೆ ಕೊಟ್ಟು ಬಂದರು. ಅವರ ಮುಖ ನೋಡಲಾಗದೆ, "ಹೆಸರು ತೆಗೆದುಬಿಡ್ಲಾ ಅತ್ತೆ?" ಎಂದೆ.

"ನನ್ನನ್ನು ಕೇಳದೆ ಹಾಕಿದ್ದಲ್ಲ, ನನ್ನನ್ನು ಕೇಳದೆ ತೆಗಿಬೇಡ. ನಾನು ಹೇಳಿಲ್ಲ ತೆಗಿ ಅಂತ."

ಮೌಖಿಕ ಪರೀಕ್ಷೆಯ ದಿನ ತಾನೂ ಬರುತ್ತೇನೆ ಎಂದರು. ಠಾಣೆಯಲ್ಲಿ ರೈಲು ಬದಲಿಸಿ, ಜನರ ನಡುವೆ ಅವರ ರೇಷ್ಮೆ ಸೀರೆಯ ಸೆರಗು ಕಾಪಾಡುತ್ತಾ ಕರೆದೊಯ್ದೆ. ಯಾರು ಬೇಕಾದರೂ ಕೂತು ಕೇಳಬಹುದಾಗಿತ್ತು. ಅತ್ತೆ ಹಿಂದಿನ ಬೆಂಚಿನಲ್ಲಿ ಕೂತರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಪ್ರಬಂಧವನ್ನು ಮೇಜಿನ ಮೇಲಿಟ್ಟು, ಇದು ನಿಯಮಭಂಗ ಎಂದರು. ಆಕೆಯ ಒಪ್ಪಿಗೆ ಇದೆ ಎಂದೆ. "ಆ ವಯಸ್ಸಾದ ಹೆಂಗಸಿಗೆ ಇದೆಲ್ಲ ಅರ್ಥವಾಗಿದೆ ಎಂದು ನಾವು ಹೇಗೆ ನಂಬಬೇಕು?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಹಿಂದೆ ಬೆಂಚು ಸದ್ದಾಯಿತು. ಅತ್ತೆ ಎದ್ದು ನಿಂತಿದ್ದರು.

"ಸಾಹೇಬ್, ಮಲಾ ಸಮಜ್‌ಲಂ. ನಾವ್ ಮಾಝಂ ಆಹೆ, ಸ್ವಯಂಪಾಕ್‌ಹೀ ಮಾಝಾಚ್ ಹೋತಾ."

ನನಗೆ ಅರ್ಥವಾಗಿದೆ, ಹೆಸರು ನನ್ನದು, ಅಡುಗೆಯೂ ನನ್ನದೇ ಆಗಿತ್ತು. ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಕೂತರು. ನಮ್ಮ ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿದರು, ನಗುವೋ ಅಳುವೋ ತಿಳಿಯಲಿಲ್ಲ. ಪರೀಕ್ಷಕರು ಕನ್ನಡಕ ತೆಗೆದು, ಹಾಕಿ, ನಿಜವಾದ ಹೆಸರನ್ನೇ ಬರೆದ ಕಾರಣವನ್ನು ಪ್ರತ್ಯೇಕವಾಗಿ ಬರೆದು ಸೇರಿಸಬೇಕೆಂದರು. ಸೇರಿಸಿದೆ. ಪಾಸಾದೆ, ತೀರ ಸಾಧಾರಣ ದರ್ಜೆಯಲ್ಲಿ.

ಎರಡು ವರ್ಷದ ಮೇಲೆ ಭಾವ ಮತ್ತೆ ಬರತೊಡಗಿದರು. ಮೆಸ್ಸಿನ ಮಾತು ಅವರು ಎತ್ತಲಿಲ್ಲ. ಅತ್ತೆ ಮಾತ್ರ ಬಂದಾಗಲೆಲ್ಲ ಎತ್ತಿದರು. ಹೋದ ವರ್ಷ ಅತ್ತೆ ತೀರಿಕೊಂಡರು.

ಈಗ ಅದೇ ಕೋರ್ಸಿನಲ್ಲಿ ವಾರಕ್ಕೊಂದು ದಿನ ನಾನು ಸಂಶೋಧನೆಯ ಕ್ರಮವನ್ನು ಪಾಠ ಮಾಡುತ್ತೇನೆ. ಕೋಪರ್‌ಖೈರಣೆಯ ಒಬ್ಬ ಹುಡುಗಿ ಇದ್ದಾಳೆ, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ತನ್ನ ಕಟ್ಟಡದಲ್ಲಿ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಆಂಟಿಯೊಬ್ಬರ ಮೇಲೆ ಬರೆಯುತ್ತಿದ್ದಾಳೆ. ಆಂಟಿಗೆ ತಮ್ಮ ಹೆಸರೇ ಬರಬೇಕಂತೆ. ಆಗದು ಎಂದಿದೆ ವಿಭಾಗ, ಕೊನೆಯ ತೀರ್ಮಾನ ಸಂಶೋಧನಾ ಸಮಿತಿಯದು. ನಾನು ಬರಿಯ ಅತಿಥಿ ಉಪನ್ಯಾಸಕಿ. ಹೋದ ವಾರ ಅವಳಿಗೆ "ನೋಡೋಣ" ಎಂದಷ್ಟೇ ಹೇಳಿದ್ದೆ.

ಇದನ್ನೆಲ್ಲ ನಿಮಗೆ ಹೇಳಿ ಮುಗಿಸುವ ಹೊತ್ತಿಗೆ ಆ 'ನೋಡೋಣ' ನನಗೇ ಸಹಿಸಲಾಗದಾಯಿತು. ಈಗಷ್ಟೇ ಅವಳಿಗೆ ಫೋನ್ ಮಾಡಿದೆ.

"ಸೋಮವಾರ ಸಮಿತಿಯ ಮುಂದೆ ನಾನೂ ನಿನ್ನ ಜೊತೆ ಕೂರ್ತೇನೆ. ಆಂಟಿಯನ್ನೂ ಕರ್ಕೊಂಡು ಬಾ."

"ಆಂಟಿ ಕೋ? ವೋ ಕ್ಯಾ ಕರೇಂಗಿ ಮ್ಯಾಮ್?"

"ಹಿಂದಿನ ಬೆಂಚಿನಲ್ಲಿ ಕೂರಲಿ," ಎಂದೆ. "ಎದ್ದು ನಿಲ್ಲೋದು ಯಾವಾಗ ಅಂತ ಅವರಿಗೇ ಗೊತ್ತಾಗುತ್ತೆ."