ಎದ್ದು ನಿಂತ ಮೇಲಿನ ಮಾತು

ಹಾಳೆಯ ಎಡಬದಿಯನ್ನು ಮೂರು ಬೆರಳಗಲ ಮಡಿಸಿ, ಉಗುರಿನಿಂದ ಗೀರಿ, ಆ ಅಂಚಿನಾಚೆಗೆ ಬರೆಯುವುದು ನನ್ನ ಅಭ್ಯಾಸ. ಮೇಷ್ಟರಾಗಿದ್ದಷ್ಟು ಕಾಲವೂ ಮಕ್ಕಳಿಗೆ ಅದನ್ನೇ ಕಲಿಸಿದೆ. ಆದ್ದರಿಂದ, ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ಚಂದ್ರಕಲಾ ಮೈಸೂರಿನ ನಕ್ಷತ್ರವೀಕ್ಷಣೆಯ ಶಿಬಿರಕ್ಕೆ ಇ-ಮೇಲ್ ಬರೆಯಬೇಕು, ಉಳಿದಿರುವುದು ಕೆಲವೇ ಸೀಟು ಎಂದಾಗ ನಾನು ಮೊದಲು ಹಾಳೆ ಮಡಿಸಿದೆ. ಆಮೇಲೆ ತಿಳಿಯಿತು, ಅದಕ್ಕೆ ಅಂಚೂ ಇಲ್ಲ, ಸಹಿಯೂ ಇಲ್ಲ, ಅಂಟಿಸಲು ಲಕೋಟೆಯೂ ಇಲ್ಲ.

ಹೇಳಿ ಬರೆಸಿದವನು ನಾನೇ. ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಟೈಪಿಂಗ್ ಕಲಿಸುವ ಶಿವಣ್ಣ ಹೊಸದಾಗಿ ತಂದಿದ್ದ ಕಂಪ್ಯೂಟರಿನಲ್ಲಿ, ಅವಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಕುಟ್ಟಿದಳು. ಶಿಬಿರದ ಹಿರಿಯರ ಆರೋಗ್ಯ, ಅವರ ಘನಕಾರ್ಯದ ಪ್ರಶಂಸೆ, ನಮ್ಮ ಕಡೆಯ ಮಳೆ, ನಾಲೆಯ ನೀರು, ಎಲ್ಲ ಆದಮೇಲೆ ಕಟ್ಟಕಡೆಗೆ ಒಂದು ಸೀಟಿನ ವಿನಂತಿ.

ಎರಡು ದಿನಕ್ಕೆ ಉತ್ತರ ಬಂತು. ನಿಮ್ಮ ಪ್ರೀತಿಗೆ ವಂದನೆ, ನಾವೆಲ್ಲ ಕ್ಷೇಮ, ನಿಮ್ಮೂರಿನ ಬೆಳೆಯೂ ಚೆನ್ನಾಗಿ ಬರಲಿ ಎಂದಿತ್ತು.

"ಸೀಟಿನ ಮಾತೇ ಎತ್ತಿಲ್ವಲ್ಲ ತಾತ," ಎಂದಳು. ಕಣ್ಣು ತುಂಬಿತ್ತು.

"ಕೊನೆಗಂಟ ಓದಿದ್ರೆ ತಾನೆ ಮೇಷ್ಟ್ರೇ," ಎಂದ ಶಿವಣ್ಣ. "ಹೆಣ್ ಕೇಳಕ್ ಹೋದಂಗೆ ಬರ್ಸಿದ್ದೀರಿ."

ಅವನು ಹೇಳಿದ್ದು ನಿಜ. ನಮ್ಮಲ್ಲಿ ಹೆಣ್ಣು ಕೇಳಲಿ, ಉಳುಮೆಗೆ ಜೋಡಿ ಎತ್ತು ಕೇಳಲಿ, ಹೋದವರು ಜಗಲಿಯಲ್ಲಿ ಕೂತು ಮಳೆ, ಕಬ್ಬು, ಹಸುವಿನ ಹಾಲು ಎಲ್ಲ ಮಾತಾಡಿ, ಕಾಫಿ ಕುಡಿದು, ಎದ್ದು ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡ ಮೇಲೆಯೇ "ಅಂದಂಗೆ..." ಎಂದು ಬಂದ ಕೆಲಸ ಹೇಳುವುದು. ಕೇಳಿಸಿಕೊಳ್ಳುವವನಿಗೂ ಅದು ಗೊತ್ತು. ಆ ಮಾತಿಗಾಗಿಯೇ ಅವನು ಬಾಗಿಲವರೆಗೆ ಬರುತ್ತಾನೆ. ನೀವೇ ಹೇಳಿ, ಪರದೆಯ ಮುಂದೆ ಕೂತವನು ಯಾವ ಬಾಗಿಲವರೆಗೆ ಬರಬೇಕು?

ಈ ಸಲ ಅವಳು ನನ್ನನ್ನು ಕೇಳದೆ ಬರೆದಳು. "ನಾನು ಚಂದ್ರಕಲಾ. ನನಗೆ ಸೀಟು ಬೇಕು. ಚಂದ್ರ ದಿನಾ ತಡವಾಗಿ ಹುಟ್ಟುವುದೇಕೆ ಎಂದು ಇಲ್ಲಿ ಕೇಳಿದರೆ ಪರೀಕ್ಷೆಗೆ ಬರಲ್ಲ ಅನ್ನುತ್ತಾರೆ. ಅದಕ್ಕೇ ಅಲ್ಲಿಗೆ ಬರಬೇಕು." ಇಷ್ಟೇ. ಮಾನ್ಯರೇ ಇಲ್ಲ, ವಿಧೇಯಳು ಇಲ್ಲ. ಚಪ್ಪಲಿ ಬಿಡದೆ ಒಬ್ಬರ ನಡುಮನೆಗೆ ನುಗ್ಗಿದಂತೆ ನನಗೆ ಮುಜುಗರ. ಅದೇ ಗಳಿಗೆಯಲ್ಲಿ, ನಾನೇ ಆ ಶಿಬಿರದವನಾಗಿದ್ದರೆ ಈ ಹುಡುಗಿಯನ್ನು ಕೈಬಿಡುತ್ತಿರಲಿಲ್ಲ ಎಂಬ ನಂಬಿಕೆ. ಒಂದೇ ಕಾಗದ ಅವಿನಯವೂ ಆಗಿ, ಒಪ್ಪುವಂತೆಯೂ ಇರುವುದು ಹೇಗೆ? ಎಷ್ಟು ಅಂಕ ಕೊಡಬೇಕೋ ತೋಚಲಿಲ್ಲ.

ಮರುದಿನ ಉತ್ತರ ಬಂತು. "ಬಾ, ಸೀಟು ಇಟ್ಟಿದ್ದೇವೆ." ಮುಖ ಕಾಣದ ಹುಡುಗಿಯನ್ನು ಬಾ ಎಂದು ಏಕವಚನದಲ್ಲಿ ಕರೆಯುವುದು ಉದ್ಧಟತನವೋ, ಮನೆಯವರ ಸಲಿಗೆಯೋ ಎಂದು ನಾನು ತೂಗುತ್ತಿರುವಾಗಲೇ ಅವಳು "ಬರ್ತೀನಿ" ಎಂದು ಕುಟ್ಟಿ, ಕೈ ತೆಗೆದು, ನನ್ನ ಕಡೆ ತಿರುಗಿದಳು.

"ತಾತ, ಈಗ ಕೇಳ್ಲಾ, ಎಲ್ರೂ ಚೆನ್ನಾಗವ್ರಾ ಅಂತ?"

ಕೆಲಸವಾದ ಮೇಲೆ ಕ್ಷೇಮ ವಿಚಾರಿಸುವುದು ಯಾವ ಸೀಮೆಯ ಪದ್ಧತಿಯೋ ನನಗೆ ಇಂದಿಗೂ ತಿಳಿಯದು. ಕೇಳು ಎಂದೆ.