ಕರೆ ಹೋಗುತ್ತಾ ಎಂದು ನೋಡುವ ಕೆಲಸ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಒಂದು ಕಾಲದಲ್ಲಿ ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲಿ, ಒಂದು ಅಂಗಡಿಯ ಶಟರ್ ಸೊಂಟದ ಎತ್ತರಕ್ಕೆ ಮಾತ್ರ ಏರಿದೆ. ಬಗ್ಗಿ ಒಳಗೆ ಹೋದವರು ನೆಟ್ಟಗಾಗುವ ಮೊದಲು ಒಮ್ಮೆ ತಲೆ ಹೊಡೆಸಿಕೊಳ್ಳಲೇಬೇಕು, ನಾನೂ ಹೊಡೆಸಿಕೊಂಡೆ. ಒಳಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಉದ್ದನೆಯ ಮೇಜಿನ ಮುಂದೆ ಕೂತು, ಸಾಲಾಗಿ ಮಲಗಿಸಿದ ಮೂರು ಮೊಬೈಲ್ ಫೋನ್‌ಗಳನ್ನು ದಿಟ್ಟಿಸುತ್ತಿದ್ದಾರೆ. ನಡುವಿನದರ ಪರದೆಯ ಮೇಲೆ ಒಂದು ಬಿಳಿ ಗೆರೆ ಇಷ್ಟಿಷ್ಟೇ ಬೆಳೆಯುತ್ತಿದೆ. ಒಲೆಯ ಮೇಲೆ ಹಾಲಿಟ್ಟವರ ಹಾಗೆ ಅವರು ಅತ್ತಿತ್ತ ನೋಡುವುದಿಲ್ಲ. "ಕೂತ್ಕೊಳ್ಳಿ. ಮಾತಾಡಿಸಬೇಡಿ. ತೊಂಬತ್ತಾರು ಪರ್ಸೆಂಟ್ ಆಗಿದೆ" ಎನ್ನುತ್ತಾರೆ.

ಈ ಬೀದಿಯಲ್ಲಿ ಅವರಿಗೆ 'ಎರಡನೇ ಡಾಕ್ಟ್ರು' ಎಂದು ಹೆಸರು. ಮೊದಲನೇ ಡಾಕ್ಟ್ರು ಎಂದರೆ ಕಂಪನಿಯ ಸರ್ವಿಸ್ ಸೆಂಟರು. 'ಇದಕ್ಕೆ ಇನ್ನು ಅಪ್‌ಡೇಟ್ ಬರಲ್ಲ, ಹೊಸದು ತಗೊಳ್ಳಿ' ಎಂದು ಅಲ್ಲಿ ಕೈ ಚೆಲ್ಲಿದ ಮೇಲೆ ಜನ ಇಲ್ಲಿಗೆ ಬರುತ್ತಾರೆ. ಫೋನ್ ತಯಾರಿಸಿದವರು ಎರಡು ಮೂರು ವರ್ಷಕ್ಕೆ ಮರೆತುಬಿಡುವ ಮಾದರಿಗಳಿಗೆ, ಜಗತ್ತಿನ ಮೂಲೆ ಮೂಲೆಯಲ್ಲಿ ಕೂತ ಹವ್ಯಾಸಿಗಳು ಹೊಸ ಒಳತಂತ್ರಾಂಶ ಬರೆದು ಪುಕ್ಕಟೆಯಾಗಿ ಹಂಚುತ್ತಾರೆ. ಕಸ್ಟಮ್ ಫರ್ಮ್‌ವೇರ್ ಎನ್ನುವುದು ಅದಕ್ಕೇ. ಹಳೆಯದನ್ನು ಪೂರ್ತಿ ಅಳಿಸಿ ಇದನ್ನು ಹಾಕಿದರೆ, ಸತ್ತೇ ಹೋಯಿತೆಂದುಕೊಂಡಿದ್ದ ಫೋನು ಎದ್ದು ಕೂರುತ್ತದೆ.

"ಹಾಕೋದು ದೊಡ್ಡ ವಿಷ್ಯ ಅಲ್ಲ. ಆರಿಸೋದೇ ಕಷ್ಟ" ಎನ್ನುತ್ತಾರೆ ಎರಡನೇ ಡಾಕ್ಟ್ರು, ಗೆರೆ ನೂರು ಮುಟ್ಟಿ ಅವರಿಗೆ ಬಾಯಿ ಬಂದ ಮೇಲೆ. ಒಂದೇ ಮಾದರಿಗೆ ಐದಾರು ಫರ್ಮ್‌ವೇರ್‌ಗಳಿರುತ್ತವೆ. ಒಂದರಲ್ಲಿ ಬ್ಯಾಟರಿ ಎರಡು ದಿನ ಬರುತ್ತದೆ, ಆದರೆ ಅಲಾರಂ ಹೊಡೆಯುವುದನ್ನೇ ಮರೆಯುತ್ತದೆ. ಇನ್ನೊಂದರಲ್ಲಿ ಫೋಟೊ ಚೆನ್ನ, ಬ್ಯಾಂಕಿನ ಆ್ಯಪ್ ಮಾತ್ರ ಮುಖ ತಿರುಗಿಸುತ್ತದೆ. ಅರವತ್ತೊಂದು ಮಾದರಿಗಳ ಇಂಥ ಗುಣಾವಗುಣಗಳೆಲ್ಲ ಅವರ ನೋಟ್‌ಬುಕ್ಕಿನಲ್ಲಿ ನೀಲಿ, ಕೆಂಪು ಶಾಯಿಯಲ್ಲಿವೆ. ಗಂಡು ಹೆಣ್ಣಿನ ಜಾತಕ ನೋಡುವವರೂ ಇಷ್ಟು ತಲೆ ಕೆಡಿಸಿಕೊಳ್ಳಲಾರರು.

ಬಂದವರನ್ನು ಅವರು 'ಏನು ಬೇಕು' ಎಂದು ಕೇಳುವುದಿಲ್ಲ, 'ಏನ್ ಕೆಲಸ ಮಾಡ್ತೀರಿ' ಎನ್ನುತ್ತಾರೆ. ಕಾವಲುಗಾರನಿಗೆ ಟಾರ್ಚ್ ತಕ್ಷಣ ಹೊತ್ತಬೇಕು. ಆಸ್ಪತ್ರೆಯ ನೆಲ ಒರೆಸುವಾಕೆಗೆ ನಸುಕಿನ ಅಲಾರಂ ತಪ್ಪಬಾರದು. ಇವರೆಲ್ಲ ಕೆಲಸದ ಹೊತ್ತಿನಲ್ಲಿ ಫೋನ್ ಬಿಟ್ಟಿರಲಾರರು. ಅದಕ್ಕೇ ಅಂಗಡಿ ಐದಕ್ಕೆ ತೆರೆಯುತ್ತದೆ, ಪಾಳಿಗೆ ಹೋಗುವ ಮುಂಚೆ ಕೈಗೆ ಫೋನ್ ಸಿಗುತ್ತದೆ. ದಿನಕ್ಕೆ ಆರು ಏಳು ಫೋನ್ ಬಂದರೆ ಅವರು ಒಪ್ಪಿಕೊಳ್ಳುವುದು ಮೂರನ್ನೇ. ಉಳಿದವರಿಗೆ "ನಿಮಗೆ ಇದು ಆಗಿಬರಲ್ಲ, ಹಳೇದರಲ್ಲೇ ಇರಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಾರೆ. ಕೆಲವರು ಮೂಗು ಮುರಿದುಕೊಂಡು ಹೋಗುತ್ತಾರೆ. ಹೋದವರಲ್ಲಿ ಅರ್ಧ ಜನ ಬೇರೆಲ್ಲೋ ಹಾಕಿಸಿಕೊಂಡು, ಕೆಟ್ಟು, ಇಲ್ಲಿಗೇ ವಾಪಸು ಬರುತ್ತಾರಂತೆ.

ಮಾತಿಗೆ ಮೊದಲು ಒಂದು ನೆಪ ಇರಲಿ ಎಂದು ನಾನು ನನ್ನ ಐದು ವರ್ಷದ ಫೋನನ್ನು ಮುಂದಿಟ್ಟಿದ್ದೆ. ಭಾನುವಾರದ ಪುರವಣಿಗೆ ಬರೆಯುವ ಕೆಲಸ ಎಂದೆ. "ನಿಮ್ಮ ಪುರವಣಿ ಗೊತ್ತು. ಕಾಗದ ದಪ್ಪ ಇರುತ್ತೆ, ಮೇಜಿನ ಮೇಲೆ ಹಾಸೋಕೆ ಚೆನ್ನಾಗಿದೆ" ಎಂದು ಫೋನ್‌ಗಳ ಕೆಳಗಿದ್ದ ಹಾಳೆ ತೋರಿಸಿದರು. ನನ್ನ ಮುಖ ನೋಡಿ, "ಓದಲ್ಲ ಅಂತಲ್ಲ. ಗೆರೆ ತುಂಬೋವರೆಗೆ ಓದ್ತೀನಿ" ಎಂದು ಸೇರಿಸಿದರು. ಆಮೇಲೆ ಆರು ಫರ್ಮ್‌ವೇರ್‌ಗಳಲ್ಲಿ ನನಗೆ ಆರಿಸಿದ್ದು ನೋಡಲು ಅತ್ಯಂತ ಕಳಾಹೀನವಾದದ್ದನ್ನು. ಯಾಕೆ ಎಂದು ಕೇಳಿದೆ. "ಇದನ್ನ ಬರೆದೋನು ಇದ್ರಲ್ಲಿ ಏನೇನು ಕೆಟ್ಟಿದೆ ಅಂತ ಮೊದಲ ಸಾಲಲ್ಲೇ ಹೇಳಿದ್ದಾನೆ. ಉಳಿದೋರು ಕೊನೇ ಸಾಲಲ್ಲಿ ಹೇಳ್ತಾರೆ." ಹೀಗೆಂದವರು ಮೇಜಿನ ಡ್ರಾಯರು ಸರಿಯಾಗಿ ಮುಚ್ಚಿದೆಯೇ ಎಂದು ಒಮ್ಮೆ ತಳ್ಳಿ ನೋಡಿದರು. ಅದಕ್ಕೆ ಕಾರಣ ಆಮೇಲೆ ತಿಳಿಯಿತು.

ಅಷ್ಟರಲ್ಲಿ ಶಾಲಾ ಬಸ್ಸಿನ ಚಾಲಕನೊಬ್ಬ ಬಗ್ಗಿ ಬಂದ. ತಲೆ ಹೊಡೆಸಿಕೊಳ್ಳಲಿಲ್ಲ, ಹಳೇ ಗಿರಾಕಿ. ಈ ಸಲ ಹೆಂಡತಿಯ ಫೋನ್ ತಂದಿದ್ದ. "ನಿಮ್ಮ ಸರ್ವೀಸ್ ಚೆನ್ನಾಗಿದೆ ಮೇಡಂ. ಹೋದ ಸಲ ಮಾರನೇ ದಿನ ನಿಮ್ಮವರು ಫೋನ್ ಮಾಡಿ, ಸರಿಯಾಗಿ ನಡೀತಿದ್ಯಾ ಅಂತ ವಿಚಾರಿಸಿದ್ರು" ಎಂದ. ಎರಡನೇ ಡಾಕ್ಟ್ರು ನಕ್ಕುಬಿಟ್ಟರು. "ನನ್ನವರು ಯಾರಪ್ಪಾ? ನಾನೊಬ್ಬಳೇ ಇರೋದು. ಯಾವ್ದೋ ಸಿಮ್ ಕಂಪನಿಯವರಿರ್ಬೇಕು, ಅವ್ರಿಗೆ ಬೇರೆ ಕೆಲಸ ಏನಿದೆ?" ಚಾಲಕನೂ ನಕ್ಕು, ಫೋನ್ ಇಟ್ಟು ಹೋದ.

ಮೇಜಿನ ವಿಷಯ ಹೇಳಬೇಕು. ಮೆಟ್ಟಿಲ ಕೆಳಗಿನ ಆ ಗೂಡಿಗೆ ಅದು ತೀರಾ ದೊಡ್ಡದು. ಅದರ ಅಂಚಿನುದ್ದಕ್ಕೂ ಹಳದಿ ಅಳತೆಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಲಾಗಿದೆ. ದರ್ಜಿಗಳು ಬಟ್ಟೆ ಕತ್ತರಿಸುವ ಮೇಜು ಅದು, ಅವರ ಭಾವನದು.

ಹನ್ನೊಂದು ವರ್ಷ ಇವರು ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೆಲಸ ಮಾಡಿದವರು. ಸರಿ ಮಾಡಬಹುದಾದ ಫೋನಿಗೂ 'ಇದು ಮುಗೀತು' ಎನ್ನಬೇಕಿತ್ತು. ದಿನಕ್ಕೆ ಮೂವತ್ತು ಸಲ ಎನ್ನಬೇಕಿತ್ತು. ಒಂದು ದಿನ ಒಬ್ಬ ಮುದುಕರಿಗೆ 'ಇದು ಮುಗಿದಿಲ್ಲ' ಎಂದುಬಿಟ್ಟರು. ಆ ವಾರವೇ ಕೆಲಸ ಹೋಯಿತು. ಮನೆಯಲ್ಲಿ ಎಲ್ಲರೂ ತಲೆ ತಲೆ ಚಚ್ಚಿಕೊಂಡಾಗ ಅಕ್ಕನ ಗಂಡ ತನ್ನ ಹೊಲಿಗೆ ಅಂಗಡಿಯ ಮೇಜಿನ ಒಂದು ಮೂಲೆಯಿಂದ ಬಟ್ಟೆ ಸರಿಸಿ, "ಇಲ್ಲಿಂದ ಇಲ್ಲಿವರೆಗೆ ನಿಂದು" ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಟ್ಟರಂತೆ. ಆ ಒಂದೂವರೆ ಅಡಿ ಜಾಗದಲ್ಲಿ ಇವರ ಕಸುಬು ಶುರುವಾಯಿತು. ಮಧ್ಯಾಹ್ನಕ್ಕೆ ಅಕ್ಕ ಬುತ್ತಿ ತರುತ್ತಿದ್ದರು, ಮೂವರೂ ಅದೇ ಮೇಜಿನ ಮೇಲೆ ಉಣ್ಣುತ್ತಿದ್ದರು.

"ಆಗ ನನಗೆ ಜಂಬ" ಎನ್ನುತ್ತಾರೆ ಇವರು. "ಹೊಸದು ಬಂದ ದಿನವೇ ಹಾಕ್ಬೇಕು. ಯಾರ ಫೋನಲ್ಲೂ ಇಲ್ದೇ ಇರೋದು ಅಕ್ಕನ ಫೋನಲ್ಲಿ ಇರ್ಬೇಕು." ಅಕ್ಕನ ಹುಟ್ಟುಹಬ್ಬಕ್ಕೆ ಅವರು ಅಂಥದ್ದೊಂದು ಹಗುರವಾದ, ಚೆಂದದ ಫರ್ಮ್‌ವೇರ್ ಹಾಕಿಕೊಟ್ಟರು. ಫೋನು ಜಿಂಕೆಯಾಯಿತು. ಅಕ್ಕ ಓಣಿಗೆಲ್ಲ ತೋರಿಸಿಕೊಂಡು ಬಂದರು. ಆ ಫರ್ಮ್‌ವೇರಿನ ಟಿಪ್ಪಣಿಯ ಕೊನೆಯ ಸಾಲಿನಲ್ಲಿ ಒಂದು ಮಾತಿತ್ತು: ಸಾಧಾರಣ ಕರೆಗಳು ಹಳೆಯ ನೆಟ್‌ವರ್ಕಿನಲ್ಲಿ ಮಾತ್ರ ಹೋಗುತ್ತವೆ, ಹೊಸದರಲ್ಲಿ ಹೋಗುವುದಿಲ್ಲ.

"ಓದಿರ್ಲಿಲ್ಲ ಅಂದ್ಕೋಬೇಡಿ. ಓದಿದ್ದೆ. ಹಳೇ ನೆಟ್‌ವರ್ಕ್ ಇದೆಯಲ್ಲ ಅಂದ್ಕೊಂಡೆ. ಅದನ್ನ ನಿಲ್ಲಿಸ್ತಾರೆ ಅಂತ ಆಮೇಲೆ ಗೊತ್ತಾಯ್ತು. ಈ ಭಾನುವಾರ ಬಂದು ಬೇರೆ ಹಾಕಿಕೊಡ್ತೀನಿ ಅಂದೆ. ಮುಂದಿನ ಭಾನುವಾರ ಅಂದೆ. ಮೂರು ಭಾನುವಾರ ಅಂದೆ."

ಹಳೆಯ ನೆಟ್‌ವರ್ಕ್ ನಿಂತ ಮೂರನೇ ದಿನ ಬೆಳಗ್ಗೆ ಆರಕ್ಕೆ, ಭಾವ ಮನೆಯಲ್ಲಿ ಒಂದು ಕೋಟಿನ ಬಟ್ಟೆ ಕತ್ತರಿಸುತ್ತಿದ್ದಾಗ ಕೈಯಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಅಲ್ಲೇ ಕುಸಿದರು. ಅಕ್ಕ ಆಂಬುಲೆನ್ಸಿಗೆ ಕರೆ ಮಾಡಿದರು. ಸದ್ದಿಲ್ಲ, ಕರೆ ಕಟ್ಟಾಯಿತು. ಒಂಬತ್ತು ಸಲ ಒತ್ತಿದರು. ದಿನವೂ ಇಂಟರ್ನೆಟ್ಟಿನ ಆ್ಯಪ್‌ನಲ್ಲೇ ಮಾತಾಡುತ್ತಿದ್ದರಿಂದ ಮಾಮೂಲಿ ಕರೆ ಸತ್ತಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. "ಗಾಬರಿಯಲ್ಲಿ ಯಾರಿಗೆ ಆ್ಯಪ್ ನೆನಪಾಗುತ್ತೆ ಹೇಳಿ? ಆ ನಂಬರೇ ಒತ್ತುತ್ತಾರೆ." ಕೊನೆಗೆ ಕೆಳಗಿನ ಮಹಡಿಗೆ ಓಡಿ, ಬಾಗಿಲು ಬಡಿದು, ಅಲ್ಲಿಯವರ ಫೋನಿಂದ ಕರೆ ಹೋಗುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದಿತ್ತು. ಭಾವ ಉಳಿದರು, ಲಕ್ವ ಹೊಡೆದ ಬಲಗೈ ಉಳಿಯಲಿಲ್ಲ. ಇನ್ನೂ ಸ್ವಲ್ಪ ಮುಂಚೆ ಬಂದಿದ್ದರೆ ಎಂದರಂತೆ ವೈದ್ಯರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಕೂಗಾಡಲಿಲ್ಲ. ಕಿವಿಯ ಓಲೆಯ ಕಡ್ಡಿಯಿಂದಲೇ ಫೋನಿನ ಸಿಮ್ ಹೊರತೆಗೆದು ಸೆರಗಿಗೆ ಕಟ್ಟಿಕೊಂಡರು. ಬರಿಯ ಫೋನನ್ನು ತಂಗಿಯ ಕೈಯಲ್ಲಿಟ್ಟು, "ಇದನ್ನ ನೀನೇ ಇಟ್ಕೋ" ಎಂದರು. ಇಬ್ಬರ ನಡುವಿನ ಕೊನೆಯ ಮಾತು ಅದೇ. ನಾಲ್ಕು ವರ್ಷವಾಯಿತು.

ಇವರು ಹೊಲಿಗೆ ಅಂಗಡಿಯ ಮೂಲೆ ಬಿಟ್ಟು ಈ ಮೆಟ್ಟಿಲ ಕೆಳಗೆ ಬಂದರು. ಎರಡು ತಿಂಗಳ ಮೇಲೆ ಒಂದು ಗಾಡಿಯಲ್ಲಿ ಮೇಜು ಬಂತು, ಭಾವ ಕಳಿಸಿದ್ದು. ಇನ್ನು ನನಗ್ಯಾಕೆ ಎಂದು ಗಾಡಿಯವನ ಹತ್ತಿರ ಹೇಳಿ ಕಳಿಸಿದ್ದರು. "ಭಾವ ಒಳ್ಳೇವ್ರು, ಅದೇ ಕಷ್ಟ. ಮೊದ್ಲು ಇದ್ರ ಒಂದು ಮೂಲೆ ನಂದಾಗಿತ್ತು. ಈಗ ಇಡೀ ಮೇಜೇ ನಂದು." ಹೀಗೆ ಹೇಳುತ್ತಾ ಅವರು ಅಂಚಿನ ಅಳತೆಪಟ್ಟಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ. ಮೇಜಿನ ಡ್ರಾಯರಿನಲ್ಲಿ ಅಕ್ಕನ ಹಳೆಯ ಫೋನಿದೆ, ಪೂರ್ತಿ ಚಾರ್ಜಿದೆ. ಅದಕ್ಕೆ ಸರಿಯಾದ ಫರ್ಮ್‌ವೇರ್ ಹಾಕಿ ನಾಲ್ಕು ವರ್ಷವಾಗಿದೆ. "ಇದ್ರಲ್ಲಿ ಈಗ ಕರೆ ಹೋಗುತ್ತೆ. ಸಿಮ್ ಇಲ್ಲ, ಅಷ್ಟೇ" ಎನ್ನುವಾಗ ಅವರು ನನ್ನತ್ತ ನೋಡುವುದಿಲ್ಲ. ನನಗೂ ನೋಡಲಾಗುವುದಿಲ್ಲ.

ನನ್ನ ಫೋನಿನ ಗೆರೆ ತುಂಬಿತು. ಬೇರೆ ಅಂಗಡಿಯವರಾದರೆ ಮೊದಲು ಕ್ಯಾಮೆರಾ ತೋರಿಸಿ ಹಲ್ಲುಗಿಂಜುತ್ತಾರೆ. ಇವರು ಸಿಮ್ ಹಾಕಿ, ನನ್ನ ಒಪ್ಪಿಗೆ ಕೇಳಿ, ಒಂದು ನಂಬರ್ ಒತ್ತಿ ಸ್ಪೀಕರ್ ಹಾಕಿದರು. ಒಂದು ರಿಂಗ್, ಎರಡು ರಿಂಗ್. ಮೂರನೆಯದಕ್ಕೆ ಆ ಕಡೆಯವರು ಕಟ್ ಮಾಡಿದರು. "ಆಯ್ತು. ಹೋಗುತ್ತೆ" ಎಂದು ಫೋನ್ ಒರೆಸಿ ನನಗೆ ಕೊಟ್ಟರು.

ಅದು ಅಕ್ಕನ ನಂಬರು. ಪ್ರತಿ ಫೋನಿನಿಂದಲೂ ಮೊದಲ ಕರೆ ಅಲ್ಲಿಗೇ. ದಿನಕ್ಕೆ ಮೂರರಂತೆ ನಾಲ್ಕು ವರ್ಷ, ಲೆಕ್ಕ ನಾಲ್ಕು ಸಾವಿರ ದಾಟಿದೆ. "ಆಂಬುಲೆನ್ಸಿನವರಿಗೆ ಸುಮ್ಸುಮ್ನೆ ಫೋನ್ ಮಾಡಿ ಪರೀಕ್ಷೆ ಮಾಡೋ ಹಾಗಿಲ್ಲ. ನನಗೆ ಬಾಯಿಪಾಠ ಇರೋದು ಇನ್ನೊಂದೇ ನಂಬರು." ಅಕ್ಕನಿಗೆ ಕಿರಿಕಿರಿ ಆಗದೇ ಎಂದು ಕೇಳಿದೆ. "ಆಗಿದ್ರೆ ನಂಬರ್ ಬದಲಾಯಿಸ್ತಿದ್ಳು. ಬದಲಾಯಿಸಿಲ್ಲ. ಯಾವತ್ತೂ ಮೂರನೇ ರಿಂಗಿಗೇ ಕಟ್ ಮಾಡ್ತಾಳೆ. ಎರಡಕ್ಕೂ ಇಲ್ಲ, ನಾಲ್ಕಕ್ಕೂ ಇಲ್ಲ. ಅವಳು ಇದ್ದಾಳೆ, ಕರೆ ಹೋಗಿದೆ ಅಂತ ನನಗೆ ಗೊತ್ತಾಗುತ್ತೆ."

ಎಂದಾದರೂ ಎತ್ತಿದರೆ ಏನು ಹೇಳುತ್ತೀರಿ?

"ನಾನೇನ್ ಹೇಳ್ಲಿ? ಅವಳು ಹೇಳ್ಬೇಕು. ಅವಳು ನನಗೆ ಬೈಲೇ ಇಲ್ಲ ನೋಡಿ, ಅವತ್ತೂ ಬೈಲಿಲ್ಲ. ಒಂದ್ಸಲ ಎತ್ತಿ ಬಾಯ್ತುಂಬ ಬೈದ್ಬಿಟ್ರೆ ಸಾಕು. ಆಮೇಲೆ ಬೇಕಾದ್ರೆ ಮತ್ತೆ ಮಾತು ಬಿಡಲಿ."

ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಸಿದ್ದೆ ಕೂಡ. ಮರುದಿನ ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಹಿಂದಿನ ದಿನದ ಅದೇ ನಂಬರು.

"ನಿನ್ನೆ ಈ ನಂಬರಿಂದ ಕರೆ ಬಂದಿತ್ತು" ಎಂದಿತು ಒಂದು ಗಡಸು ಹೆಣ್ಣುದನಿ. "ರಿಂಗ್ ಆಯ್ತಾ? ನನ್ನ ದನಿ ಸರಿಯಾಗಿ ಕೇಳಿಸ್ತಿದ್ಯಾ?" ಎರಡೂ ಸರಿಯಿದೆ ಎಂದೆ. "ಸರಿ ಹಾಗಾದ್ರೆ. ಅವಳು ಕರೆ ಹೋಗುತ್ತಾ ಅಂತ ಮಾತ್ರ ನೋಡ್ತಾಳೆ. ಬರುತ್ತಾ ಅಂತ ಯಾರು ನೋಡ್ಬೇಕು? ಚಿಕ್ಕಂದಿನಿಂದ್ಲೂ ಅಷ್ಟೇ, ಯಾವ ಕೆಲಸಾನೂ ಪೂರ್ತಿ ಮಾಡಲ್ಲ."

ಬಸ್ ಚಾಲಕನ ಮಾತು ಆಗ ನೆನಪಾಯಿತು. ಮಾರನೇ ದಿನ ವಿಚಾರಿಸಿದ್ದು ಯಾವ ಸಿಮ್ ಕಂಪನಿಯೂ ಅಲ್ಲ. ನೀವು ಫೋನ್ ಮಾಡಿದಿರೆಂದು ತಂಗಿಗೆ ಹೇಳಲೇ ಎಂದು ಕೇಳಿದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಬೇಡ. ನಮ್ಮನೆಯವ್ರು ಇವತ್ತಿಗೂ ಅಂಗಿ ಗುಂಡಿ ಹಾಕ್ಕೊಳ್ಳೋಕೆ ನನ್ನನ್ನ ಕರೀತಾರೆ. ದಿನಾ ಬೆಳಗ್ಗೆ ಅದನ್ನ ನೋಡ್ತೀನಿ, ಆ ಹೊತ್ತಿಗೇ ಅವಳ ಕರೆ ಬರುತ್ತೆ. ಎತ್ತೋಣ ಅಂತ ಬೆರಳು ಹೋಗುತ್ತೆ. ಎತ್ತಿ ಏನಂತ ಶುರು ಮಾಡ್ಲಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟು ಫೋನಿಟ್ಟೆ. ಅವರ ಪ್ರಶ್ನೆಗೆ ಉತ್ತರ ನನ್ನ ಟಿಪ್ಪಣಿ ಪುಸ್ತಕದಲ್ಲೇ ಇತ್ತೆಂದು ಗೊತ್ತಾದಾಗ ಪಾತ್ರೆಗಳೆಲ್ಲ ಒಣಗಿದ್ದವು. ಈಗ ಮಾತು ತಪ್ಪುತ್ತಿದ್ದೇನೆ, ಅದಕ್ಕೆ ನನಗೆ ಬೇಸರವಿದೆ. ಈ ಹಾಳೆ ಭಾನುವಾರ ಮುಂಜಾನೆ ಒಂದು ಉದ್ದನೆಯ ಮೇಜಿನ ಮೇಲೆ ಫೋನ್‌ಗಳ ಕೆಳಗೆ ಹಾಸಿರುತ್ತದೆ, ಗೆರೆ ತುಂಬುವವರೆಗೆ ಅವರು ಓದುತ್ತಾರೆ. ಅಕ್ಕನವರೇ, ನೀವೂ ಓದಬಹುದು. ಏನಂತ ಶುರು ಮಾಡಲಿ ಎಂದು ಕೇಳಿದ್ದಿರಿ. ಬೈಯುವುದರಿಂದಲೇ ಶುರು ಮಾಡಿ. ನಿಮ್ಮ ತಂಗಿ ಕೇಳಿದ್ದು ಅದೊಂದನ್ನೇ.